ನಾಲ್ಕು ಹೆಸರು, ಒಂದು ವರದಿ: ಪದವಿ ಶಿಕ್ಷಣದಲ್ಲಿ ಗುಂಪು ಕಲಿಕೆಯ ಲೆಕ್ಕಾಚಾರ

ಪದವಿ ಕಾಲೇಜುಗಳ ಅಂತಿಮ ಸೆಮಿಸ್ಟರ್ ಸಮೀಪಿಸುತ್ತಿದ್ದಂತೆ ನಮ್ಮ ಸದಸ್ಯರ ಅಂಗಡಿ, ಕಾರ್ಖಾನೆ, ಕಚೇರಿಗಳಿಗೆ ವಿದ್ಯಾರ್ಥಿಗಳ ತಂಡಗಳು ಬರತೊಡಗುತ್ತವೆ. ಕೈಯಲ್ಲಿ ಪ್ರಾಂಶುಪಾಲರ ಸಹಿಯುಳ್ಳ ಪತ್ರ. ಅದರಲ್ಲಿ ನಾಲ್ಕೋ ಐದೋ ಹೆಸರು. ಮಾಲೀಕರು ಗುಮಾಸ್ತರನ್ನು ಕರೆದು, ‘ಇವರಿಗೆ ಬೇಕಾದ ಮಾಹಿತಿ ಕೊಡಿ’ ಎಂದು ಹೇಳಿ ತಮ್ಮ ಕೆಲಸಕ್ಕೆ ತೆರಳುತ್ತಾರೆ. ಕೆಲವು ವಾರಗಳ ನಂತರ ಸ್ಪೈರಲ್ ಬೈಂಡಿಂಗ್ ಮಾಡಿದ ವರದಿ ಬರುತ್ತದೆ. ‘ಇವರು ನಮ್ಮ ಸಂಸ್ಥೆಯಲ್ಲಿ ಅಧ್ಯಯನ ನಡೆಸಿರುತ್ತಾರೆ’ ಎಂಬ ಪ್ರಮಾಣಪತ್ರದ ಪುಟವೂ ಅದರಲ್ಲಿ ಸಿದ್ಧವಾಗಿಯೇ ಇರುತ್ತದೆ. ಮಾಲೀಕರು ಸಹಿ ಮಾಡಿ ಮೊಹರು ಒತ್ತುತ್ತಾರೆ.

ಆ ವರದಿಯನ್ನು ಬರೆದವರು ಯಾರು ಎಂದು ವಿಚಾರಿಸುವವರು ವಿರಳ. ನಾಲ್ವರಲ್ಲಿ ಒಬ್ಬರು ಬರೆದಿರಬಹುದು, ಇನ್ನೊಬ್ಬರು ಬೆರಳಚ್ಚು ಮಾಡಿಸಿರಬಹುದು, ಉಳಿದಿಬ್ಬರು ಬೈಂಡಿಂಗಿನ ಹಣಕ್ಕೆ ಪಾಲು ಹಾಕಿರಬಹುದು. ಕೇಳಿದ ವಿಷಯದ ಮೇಲೆ ಕಂಪ್ಯೂಟರೇ ಕ್ಷಣಾರ್ಧದಲ್ಲಿ ಪ್ರಬಂಧ ಬರೆದುಕೊಡುವ ಈ ಕಾಲದಲ್ಲಿ ಬರೆಯುವ ಆ ಒಬ್ಬರ ಅಗತ್ಯವೂ ಇಲ್ಲವಾಗಿದೆ. ಆದರೂ ಅಂಕ ನಾಲ್ವರಿಗೂ ಸಮ. ಇದೇ ನಾಲ್ವರು ಮರುವರ್ಷ ಕೆಲಸ ಕೇಳಿಕೊಂಡು ಬಂದಾಗ ಅವರ ಅರ್ಜಿಯಲ್ಲಿ ‘ತಂಡದಲ್ಲಿ ದುಡಿದ ಅನುಭವವಿದೆ’ ಎಂಬ ಸಾಲು ಇರುತ್ತದೆ.

ನಮ್ಮ ಉದ್ಯಮಿ ಮಿತ್ರರು ಈ ವಿಷಯದಲ್ಲಿ ಎರಡು ಮಾತುಗಳನ್ನು ಆಡುತ್ತಾರೆ. ಈಗಿನ ಹುಡುಗರಿಗೆ ನಾಲ್ಕು ಜನರೊಡನೆ ಹೊಂದಿಕೊಂಡು ಕೆಲಸ ಮಾಡಲು ಬಾರದು ಎಂಬುದು ಒಂದು. ಕಾಲೇಜುಗಳ ಗುಂಪು ಕೆಲಸವೆಲ್ಲ ಪುಕ್ಕಟೆ ಅಂಕ ಹಂಚುವ ವ್ಯವಸ್ಥೆ ಎಂಬುದು ಮತ್ತೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಇದರಿಂದ ಗುಂಪಿನಲ್ಲಿ ಕಲಿಯುವುದೇ ನಿಷ್ಪ್ರಯೋಜಕ ಎಂಬ ತೀರ್ಮಾನಕ್ಕೆ ಬರುವುದು ಅವಸರವಾದೀತು. ಕೆಲಸವನ್ನು ಹಂಚಿಕೊಳ್ಳುವುದು ಬೇರೆ, ಕಲಿಕೆಯನ್ನು ಹಂಚಿಕೊಳ್ಳುವುದು ಬೇರೆ. ನಮ್ಮ ಬಹುತೇಕ ತರಗತಿಗಳಲ್ಲಿ ನಡೆಯುತ್ತಿರುವುದು ಮೊದಲನೆಯದು ಮಾತ್ರ.

ಕರಾರುಪತ್ರವಿಲ್ಲದ ಪಾಲುದಾರಿಕೆ

ವ್ಯಾಪಾರಸ್ಥರಿಗೆ ಇದನ್ನು ಪಾಲುದಾರಿಕೆಯ ದೃಷ್ಟಾಂತದಿಂದಲೇ ವಿವರಿಸಬಹುದು. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 13ನೆಯ ಕಲಮಿನಂತೆ, ಪಾಲುದಾರರು ತಮ್ಮೊಳಗೆ ಬೇರೆ ಕರಾರು ಮಾಡಿಕೊಂಡಿರದಿದ್ದರೆ ಲಾಭ ನಷ್ಟಗಳು ಎಲ್ಲರಿಗೂ ಸಮಪಾಲು. ವ್ಯವಹಾರ ನಡೆಸಿದ್ದಕ್ಕಾಗಿ ಯಾರಿಗೂ ಪ್ರತ್ಯೇಕ ಸಂಬಳವಿಲ್ಲ. ಬೆಳಿಗ್ಗೆ ಬಾಗಿಲು ತೆರೆದು ರಾತ್ರಿ ಲೆಕ್ಕ ಮುಗಿಸುವ ಪಾಲುದಾರನಿಗೂ, ದೀಪಾವಳಿಯ ಪೂಜೆಗೆ ಮಾತ್ರ ಬರುವ ಪಾಲುದಾರನಿಗೂ ಕಾನೂನಿನ ದೃಷ್ಟಿಯಲ್ಲಿ ಒಂದೇ ಪಾಲು. ಇದು ಒಪ್ಪಿಗೆಯಾಗದ ಕಾರಣಕ್ಕೇ ನಾವು ಕರಾರುಪತ್ರ ಬರೆಸುತ್ತೇವೆ. ದುಡಿಯುವ ಪಾಲುದಾರನ ಸಂಬಳ, ಬಂಡವಾಳದ ಬಡ್ಡಿ, ಲಾಭದ ಪ್ರಮಾಣ ಎಲ್ಲವನ್ನೂ ಅದರಲ್ಲಿ ನಮೂದಿಸುತ್ತೇವೆ.

ಕಾಲೇಜಿನ ಗುಂಪು ಪ್ರಾಜೆಕ್ಟ್ ಎಂಬುದು ಕರಾರುಪತ್ರವಿಲ್ಲದ ಪಾಲುದಾರಿಕೆ. ಪಾಲುದಾರರನ್ನು ಆರಿಸುವ ಸ್ವಾತಂತ್ರ್ಯವೂ ಅನೇಕ ವೇಳೆ ಇರುವುದಿಲ್ಲ. ಹಾಜರಿ ಪುಸ್ತಕದ ಕ್ರಮಾಂಕದಂತೆ ಗುಂಪುಗಳು ಏರ್ಪಡುತ್ತವೆ. ಹೀಗಿರುವಾಗ ದುಡಿಯುವ ಒಬ್ಬ, ಪಾಲು ಪಡೆಯುವ ಮೂವರು ಎಂಬ ಸ್ಥಿತಿ ಉಂಟಾದರೆ ಹುಡುಗರ ಸ್ವಭಾವವನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ.

ಇದು ಮನುಷ್ಯಸಹಜವಾದ ಸಂಗತಿ ಎಂಬುದಕ್ಕೆ ಶತಮಾನಕ್ಕೂ ಹಳೆಯ ಪುರಾವೆಯಿದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್ ಎಂಬುವವರು ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದು, ಫಲಿತಾಂಶಗಳನ್ನು 1913ರಲ್ಲಿ ಪ್ರಕಟಿಸಿದರು. ಎಳೆಯುವವರ ಸಂಖ್ಯೆ ಹೆಚ್ಚಿದಂತೆ ತಲಾ ಎಳೆತ ಕಡಿಮೆಯಾಗುತ್ತಿತ್ತು. ಮುಂದೆ 1979ರಲ್ಲಿ ಅಮೆರಿಕದ ಬಿಬ್ ಲಾಟಾನೆ ಮತ್ತು ಸಂಗಡಿಗರು ಚಪ್ಪಾಳೆ ತಟ್ಟುವ, ಕೂಗು ಹಾಕುವ ಕೆಲಸಗಳಲ್ಲಿಯೂ ಇದನ್ನೇ ಕಂಡರು. ನಮಗೆ ಹೆಚ್ಚು ಉಪಯುಕ್ತವಾದುದು ಅದೇ ತಂಡದವರು 1981ರಲ್ಲಿ ಪ್ರಕಟಿಸಿದ ಸಂಗತಿ: ಪ್ರತಿಯೊಬ್ಬರ ಪಾಲು ಪ್ರತ್ಯೇಕವಾಗಿ ಗುರುತಿಸಲ್ಪಡುತ್ತದೆ ಎಂದು ತಿಳಿದಾಗ ಜನ ಗುಂಪಿನಲ್ಲಿಯೂ ಒಂಟಿಯಾಗಿದ್ದಾಗಿನಷ್ಟೇ ಶ್ರಮಪಡುತ್ತಾರೆ. ಲಾರಿಯಿಂದ ಮೂಟೆ ಇಳಿಸುವಲ್ಲಿ ತಲಾ ಲೆಕ್ಕ ಇಡುವ ಮೇಸ್ತ್ರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಬರ್ಕ್ಲಿಯಲ್ಲಿ ಕಂಡದ್ದು

ಗುಂಪಿನಲ್ಲಿ ನಿಜವಾದ ಕಲಿಕೆ ನಡೆಯುವುದು ಹೇಗೆಂಬುದನ್ನು ಅರಿಯಲು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದ ಉದಾಹರಣೆ ಬಹಳ ಸಹಾಯಕ. 1970ರ ದಶಕದಲ್ಲಿ ಅಲ್ಲಿ ಗಣಿತದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಯೂರಿ ಟ್ರೀಸ್ಮನ್ ಅವರಿಗೆ ಒಂದು ಪ್ರಶ್ನೆ ಕಾಡುತ್ತಿತ್ತು. ಪ್ರೌಢಶಾಲೆಯಲ್ಲಿ ಮುಂದಿದ್ದು ಆಯ್ಕೆಯಾಗಿ ಬಂದ ಕಪ್ಪು ವಿದ್ಯಾರ್ಥಿಗಳಲ್ಲಿ ಹಲವರು ಮೊದಲ ವರ್ಷದ ಕಲನಶಾಸ್ತ್ರದಲ್ಲಿ ಅನುತ್ತೀರ್ಣರಾಗುತ್ತಿದ್ದರು. ಚೀನೀ ಮೂಲದ ವಿದ್ಯಾರ್ಥಿಗಳು ಅದೇ ವಿಷಯದಲ್ಲಿ ಮುಂದಿರುತ್ತಿದ್ದರು. ಅಧ್ಯಾಪಕರನ್ನು ಕೇಳಿದರೆ ಆಸಕ್ತಿಯ ಕೊರತೆ, ಬುನಾದಿಯ ದೌರ್ಬಲ್ಯ, ಮನೆಯ ಪ್ರೋತ್ಸಾಹವಿಲ್ಲದಿರುವುದು, ಬಡತನ ಎಂಬ ಕಾರಣಗಳನ್ನು ಕೊಟ್ಟರು. ಟ್ರೀಸ್ಮನ್ ಈ ಉತ್ತರಗಳನ್ನು ನಂಬಿ ಕೂರಲಿಲ್ಲ. ಎರಡೂ ಸಮುದಾಯಗಳಿಂದ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳನ್ನು ಆರಿಸಿ, ಅವರು ಎಲ್ಲಿ, ಹೇಗೆ ಓದುತ್ತಾರೆಂದು ತಿಂಗಳುಗಟ್ಟಲೆ ಜೊತೆಗಿದ್ದು ನೋಡಿದರು. ಲೆಕ್ಕಪರಿಶೋಧನೆಯ ಭಾಷೆಯಲ್ಲಿ ಹೇಳುವುದಾದರೆ, ಆಡಳಿತವರ್ಗದ ಹೇಳಿಕೆಯನ್ನು ಬದಿಗಿರಿಸಿ ಗೋದಾಮಿಗೇ ಹೋಗಿ ದಾಸ್ತಾನು ಎಣಿಸಿದರು.

ಅಧ್ಯಾಪಕರು ಕೊಟ್ಟ ಕಾರಣಗಳು ಯಾವುವೂ ನಿಲ್ಲಲಿಲ್ಲ. ಕಪ್ಪು ವಿದ್ಯಾರ್ಥಿಗಳು ಶ್ರದ್ಧೆಯಿಂದ, ಅಧ್ಯಾಪಕರು ಹೇಳಿದಂತೆಯೇ ವಾರಕ್ಕೆ ಸುಮಾರು 8 ಗಂಟೆ ಓದುತ್ತಿದ್ದರು, ಆದರೆ ಒಂಟಿಯಾಗಿ. ಚೀನೀ ಮೂಲದವರು ಓದಿಗೆ ಕೊಡುತ್ತಿದ್ದುದು ಸುಮಾರು 14 ಗಂಟೆ. ಮೊದಲು ತಾವು ತಾವೇ ಲೆಕ್ಕ ಬಿಡಿಸಿ, ನಂತರ ಸಂಜೆ ಒಟ್ಟಿಗೆ ಕುಳಿತು ಉತ್ತರಗಳನ್ನು ಹೋಲಿಸಿ ನೋಡುತ್ತಿದ್ದರು. ಒಬ್ಬನ ಉತ್ತರ ಬೇರೆಯಾಗಿದ್ದರೆ ಎಲ್ಲಿ ತಪ್ಪಿದ್ದಾನೆಂದು ಎಲ್ಲರೂ ಸೇರಿ ಹುಡುಕುತ್ತಿದ್ದರು. ಒಬ್ಬರ ಇಂಗ್ಲಿಷನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಯಾರಿಗೂ ಬಾರದ ಲೆಕ್ಕವಿದ್ದರೆ, ಲೆಕ್ಕವೇ ಕಠಿಣವಾದುದೆಂದು ತಿಳಿದು ನಿಸ್ಸಂಕೋಚವಾಗಿ ಅಧ್ಯಾಪಕರ ಬಳಿ ಹೋಗುತ್ತಿದ್ದರು. ಒಂಟಿಯಾಗಿ ಓದುವವನಿಗೆ ಈ ಅಳತೆಗೋಲು ಇರಲಿಲ್ಲ. ಬಾರದ ಲೆಕ್ಕವೆಲ್ಲ ತನ್ನ ದಡ್ಡತನದ ಸಾಕ್ಷಿಯೆಂದೇ ಅವನಿಗೆ ತೋರುತ್ತಿತ್ತು.

ಅವರು ಲೆಕ್ಕಗಳನ್ನು ತಮ್ಮೊಳಗೆ ಹಂಚಿಕೊಳ್ಳಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ‘ಮೊದಲ ಐದು ನೀನು ಮಾಡು, ಮುಂದಿನ ಐದು ನಾನು ಮಾಡುತ್ತೇನೆ’ ಎಂದಿದ್ದರೆ ಸಮಯ ಉಳಿಯುತ್ತಿತ್ತು. ಅವರು ಪ್ರತಿಯೊಬ್ಬರೂ ಎಲ್ಲವನ್ನೂ ಮಾಡಿ, ಮೇಲೆ ಚರ್ಚೆಗೂ ಸಮಯ ವ್ಯಯಿಸಿದರು. ಗುಂಪಿನಿಂದ ಶ್ರಮ ಉಳಿಯಲಿಲ್ಲ, ಹೆಚ್ಚಾಯಿತು. ಆ ಹೆಚ್ಚುವರಿ ಶ್ರಮ ಅವರಿಗೆ ಭಾರವೆನಿಸಲಿಲ್ಲ.

1978ರಲ್ಲಿ ಟ್ರೀಸ್ಮನ್ ಇದೇ ಮಾದರಿಯಲ್ಲಿ ಕಾರ್ಯಾಗಾರಗಳನ್ನು ಆರಂಭಿಸಿದರು. ಹಿಂದುಳಿದವರಿಗೆ ವಿಶೇಷ ಪಾಠ ಎಂಬ ಹಣೆಪಟ್ಟಿಯನ್ನು ಹಚ್ಚದೆ, ಸಾಮಾನ್ಯ ತರಗತಿಗಿಂತ ಕಠಿಣವಾದ ಲೆಕ್ಕಗಳನ್ನೇ ಕೊಟ್ಟು ಗುಂಪಾಗಿ ಕೂರಿಸಿದರು. ಅದರಲ್ಲಿ ಸೇರಿದ ಕಪ್ಪು ವಿದ್ಯಾರ್ಥಿಗಳ ಫಲಿತಾಂಶ ಸೇರದವರಿಗಿಂತ ಗಣನೀಯವಾಗಿ ಮೇಲಿತ್ತು. ಸ್ವಇಚ್ಛೆಯಿಂದ ಸೇರಿದವರಲ್ಲಿ ಉತ್ಸಾಹವೇ ಹೆಚ್ಚಿರಬಹುದೆಂಬ ಆಕ್ಷೇಪಕ್ಕೆ ಅವಕಾಶವಿದೆಯಾದರೂ, ಈ ಮಾದರಿ ಅಮೆರಿಕದ ಹಲವು ವಿಶ್ವವಿದ್ಯಾಲಯಗಳಿಗೆ ಹರಡಿತು.

ನೆರೆಯವನಿಗೆ ವಿವರಿಸುವುದು

ತರಗತಿಯ ಹೊರಗೆ ನಡೆದ ಈ ಕಲಿಕೆಯನ್ನು ತರಗತಿಯ ಒಳಗೇ ತಂದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್. 1984ರಿಂದ ಅಲ್ಲಿ ಬೋಧಿಸುತ್ತಿದ್ದ ಅವರಿಗೆ ವಿದ್ಯಾರ್ಥಿಗಳಿಂದ ಒಳ್ಳೆಯ ಅಭಿಪ್ರಾಯವೇ ಸಿಗುತ್ತಿತ್ತು. 1990ರಲ್ಲಿ ಅವರು ಗಣಿತದ ಸೂತ್ರಗಳಿಲ್ಲದೆ ಬರೀ ತಿಳಿವಳಿಕೆಯನ್ನು ಪರೀಕ್ಷಿಸುವ ಸರಳ ಪ್ರಶ್ನೆಗಳನ್ನು ಕೊಟ್ಟರು. ಭಾರದ ಲಾರಿಯೊಂದು ಸಣ್ಣ ಕಾರಿಗೆ ಗುದ್ದಿದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಪ್ರಯೋಗಿಸುತ್ತದೆ ಎಂಬಂಥವು. ಬಲ ಎರಡೂ ಕಡೆ ಸಮ ಎಂಬ ನ್ಯೂಟನ್ನನ ನಿಯಮವನ್ನು ಬಾಯಿಪಾಠ ಒಪ್ಪಿಸಬಲ್ಲ ವಿದ್ಯಾರ್ಥಿಗಳು ಇಲ್ಲಿ ಎಡವಿದರು. ಮಜೂರ್ ಎಷ್ಟು ವಿವರಿಸಿದರೂ ಅರ್ಥವಾಗದಿದ್ದಾಗ, ನಿಮ್ಮ ನಿಮ್ಮಲ್ಲೇ ಚರ್ಚಿಸಿ ಎಂದುಬಿಟ್ಟರು. ತರಗತಿಯಲ್ಲಿ ಗದ್ದಲವೆದ್ದಿತು, ಕೆಲವೇ ನಿಮಿಷಗಳಲ್ಲಿ ಬಹುತೇಕರಿಗೆ ವಿಷಯ ತಿಳಿದಿತ್ತು.

ಹೀಗೇಕೆ ಎಂಬುದಕ್ಕೆ ಅವರು ಕೊಡುವ ಕಾರಣ ಸರಳವಾದುದು. ಈಗಷ್ಟೇ ಕಲಿತವನಿಗೆ ತಾನು ಎಲ್ಲಿ ತಡವರಿಸಿದ್ದೆನೆಂದು ನೆನಪಿರುತ್ತದೆ. ವರ್ಷಗಳ ಹಿಂದೆ ಕಲಿತ ಪ್ರಾಧ್ಯಾಪಕನಿಗೆ ಅದು ಮರೆತುಹೋಗಿರುತ್ತದೆ.

1991ರಿಂದ ಅವರು ಈ ಪದ್ಧತಿಯನ್ನು ಕ್ರಮಬದ್ಧಗೊಳಿಸಿದರು. ಸ್ವಲ್ಪ ಹೊತ್ತು ಪಾಠ, ನಂತರ ಒಂದು ಪ್ರಶ್ನೆ. ಒಂದೆರಡು ನಿಮಿಷ ಯಾರೊಡನೆಯೂ ಮಾತನಾಡದೆ ಯೋಚಿಸಿ ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ಸೂಚಿಸಬೇಕು. ಸರಿ ಉತ್ತರ ಕೊಟ್ಟವರು ತೀರಾ ಕಡಿಮೆಯೂ ಅಲ್ಲ, ತೀರಾ ಹೆಚ್ಚೂ ಅಲ್ಲ ಎಂದಾದರೆ, ಬೇರೆ ಉತ್ತರ ಕೊಟ್ಟ ನೆರೆಯವರನ್ನು ಒಪ್ಪಿಸಲು ಯತ್ನಿಸಬೇಕು. ಆಮೇಲೆ ಮತ್ತೊಮ್ಮೆ ಉತ್ತರ. ಮಜೂರ್ ಮತ್ತು ಕ್ಯಾಥರಿನ್ ಕ್ರೌಚ್ 2001ರಲ್ಲಿ ಹತ್ತು ವರ್ಷಗಳ ಫಲಿತಾಂಶಗಳನ್ನು ಪ್ರಕಟಿಸಿದರು. ಹಳೆಯ ಪದ್ಧತಿಯ 1990ಕ್ಕೆ ಹೋಲಿಸಿದರೆ ಹೊಸ ಪದ್ಧತಿಯ ಮೊದಲ ವರ್ಷದಲ್ಲೇ ತಿಳಿವಳಿಕೆಯ ಸರಾಸರಿ ಗಳಿಕೆ ಸುಮಾರು ಇಮ್ಮಡಿಯಾಗಿತ್ತು.

ಇಲ್ಲಿ ಯಾವ ಲೆಕ್ಕಿಗನಿಗೂ ಒಂದು ಸಂಶಯ ಬರಬೇಕು. ಬುದ್ಧಿವಂತನ ಉತ್ತರವನ್ನು ಪಕ್ಕದವರು ಒಪ್ಪಿಕೊಂಡಿರಬಹುದಲ್ಲವೆ? ಆಗ ಎರಡನೆಯ ಬಾರಿಯ ಸರಿ ಉತ್ತರ ಕಲಿಕೆಯಾಗದೆ ನಕಲಾಗುತ್ತದೆ. ಈ ಸಂಶಯಕ್ಕೆ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ತಳಿವಿಜ್ಞಾನದ ತರಗತಿಯ 350 ವಿದ್ಯಾರ್ಥಿಗಳಿಗೆ ಚರ್ಚೆಯ ನಂತರ ಅದೇ ತತ್ತ್ವದ, ಆದರೆ ಬೇರೆ ಸಂದರ್ಭದ ಇನ್ನೊಂದು ಪ್ರಶ್ನೆಯನ್ನು ಕೊಟ್ಟು, ಒಬ್ಬೊಬ್ಬರೇ ಉತ್ತರಿಸಬೇಕೆಂದರು. ಮೊದಲು ತಪ್ಪಿದ್ದವರಲ್ಲಿ ಅನೇಕರು ಈಗ ಸರಿಯಾಗಿ ಉತ್ತರಿಸಿದರು. ಚರ್ಚೆಯ ಗುಂಪಿನಲ್ಲಿ ಯಾರಿಗೂ ಸರಿ ಉತ್ತರ ಗೊತ್ತಿರದಿದ್ದಾಗಲೂ ಚರ್ಚೆಯಿಂದ ತಿಳಿವಳಿಕೆ ಬೆಳೆಯಬಲ್ಲದೆಂದು ಅಧ್ಯಯನ ತೋರಿಸಿತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಮನವೊಪ್ಪಿಸುವ ಪುರಾವೆ ಇದೇ.

ವಾಣಿಜ್ಯ ತರಗತಿಯಲ್ಲಿ ಇದನ್ನು ಅಳವಡಿಸುವುದು ಕಷ್ಟವಲ್ಲ. ಒಂದು ಪ್ರಶ್ನೆಯನ್ನು ನೋಡೋಣ. ಕಾರ್ಖಾನೆಯೊಂದರ ಪುಸ್ತಕದಲ್ಲಿ ಮಾರ್ಚ್ 31ರಂದು ಯಂತ್ರಗಳ ಸವಕಳಿಗೆಂದು 1 ಲಕ್ಷ ರೂಪಾಯಿ ಖರ್ಚು ಬರೆಯಲಾಯಿತು. ಆ ದಿನದ ಬ್ಯಾಂಕ್ ಶಿಲ್ಕು 1 ಲಕ್ಷ ಕಡಿಮೆಯಾಯಿತೆ, ಹೆಚ್ಚಿತೆ, ಹಾಗೆಯೇ ಉಳಿಯಿತೆ? ಸವಕಳಿಯ ಎರಡು ವಿಧಾನಗಳಲ್ಲೂ ಪುಟಗಟ್ಟಲೆ ಲೆಕ್ಕ ಬಿಡಿಸಬಲ್ಲ ವಿದ್ಯಾರ್ಥಿಗೂ ಇಲ್ಲಿ ಗೊಂದಲವಾಗಬಹುದು. ಖರ್ಚು ಬರೆದ ಮೇಲೆ ಹಣ ಹೋಗಲೇಬೇಕಲ್ಲ ಎಂದು ಒಬ್ಬ ವಾದಿಸುತ್ತಾನೆ. ಚೆಕ್ಕನ್ನು ಯಾರ ಹೆಸರಿಗೆ ಬರೆದೆ ಎಂದು ಇನ್ನೊಬ್ಬ ಕೇಳುತ್ತಾನೆ. ಆ ‘ಯಾರ ಹೆಸರಿಗೆ’ ಎಂಬ ಪ್ರಶ್ನೆ ಸಹಪಾಠಿಯಿಂದ ಬಂದಾಗ ಮನಸ್ಸಿನಲ್ಲಿ ನಿಲ್ಲುವಷ್ಟು ಕಪ್ಪುಹಲಗೆಯಿಂದ ಬಂದಾಗ ನಿಲ್ಲದು. ಅನಂತರ ಒಬ್ಬೊಬ್ಬರಿಗೇ ಎರಡನೆಯ ಪ್ರಶ್ನೆ: ಮಳೆನೀರು ನುಗ್ಗಿ ಹಾಳಾದ 50,000 ರೂಪಾಯಿ ಮೌಲ್ಯದ ದಾಸ್ತಾನನ್ನು ನಷ್ಟಕ್ಕೆ ಬರೆದರೆ ಬ್ಯಾಂಕ್ ಶಿಲ್ಕು ಏನಾಗುತ್ತದೆ? ಮೊದಲನೆಯದನ್ನು ಅರಿತವನಿಗಷ್ಟೇ ಇದಕ್ಕೆ ಉತ್ತರ ಗೊತ್ತು. ‘ಪುಸ್ತಕದಲ್ಲಿ ಲಾಭವಿದೆ, ಬ್ಯಾಂಕಿನಲ್ಲಿ ಹಣವಿಲ್ಲ’ ಎಂದು ವರ್ಷಾಂತ್ಯದಲ್ಲಿ ಕೇಳುವ ನಮ್ಮ ಉದ್ಯಮಿಗಳಿಗೂ ಈ ಚರ್ಚೆಯಿಂದ ಪ್ರಯೋಜನವುಂಟು!

ಭಾಷೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ಪದವಿ ತರಗತಿಯಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಹಿಂಜರಿಯುತ್ತಾನೆ. ಅದನ್ನೇ ದಡ್ಡತನವೆಂದು ಭಾವಿಸುವವರಿದ್ದಾರೆ. ಪಕ್ಕದವನೊಡನೆ ಮಾತನಾಡಲು ಬಿಟ್ಟರೆ ಅವನು ಕನ್ನಡದಲ್ಲಿ ವಾದಿಸುತ್ತಾನೆ. ಪಾರಿಭಾಷಿಕ ಪದ ಇಂಗ್ಲಿಷಿನದು, ತರ್ಕ ಮಾತ್ರ ತನ್ನದು. ನಮ್ಮ ಮಾರುಕಟ್ಟೆಯ ವ್ಯವಹಾರ ನಡೆಯುವುದೂ ಇದೇ ಮಿಶ್ರಭಾಷೆಯಲ್ಲಿ. ಎಂಬತ್ತು ಜನರ ತರಗತಿಯಲ್ಲಿ ಐದು ನಿಮಿಷದ ಗದ್ದಲಕ್ಕೆ ಹೆದರುವ ಅಧ್ಯಾಪಕರು, ಆ ಐದು ನಿಮಿಷಗಳಲ್ಲಿ ವರ್ಷವಿಡೀ ಬಾಯಿ ತೆರೆಯದವರೂ ಮಾತನಾಡಿರುತ್ತಾರೆ ಎಂಬುದನ್ನು ಪರಿಗಣಿಸಬೇಕು.

ವ್ಯವಹಾರ ವಿದ್ಯೆಯಲ್ಲೇ ಹುಟ್ಟಿದ ಪದ್ಧತಿ

ಗುಂಪು ಕಲಿಕೆಗೆ ‘ಕರಾರುಪತ್ರ’ ಬರೆದುಕೊಟ್ಟವರೂ ಇದ್ದಾರೆ. ಅದೂ ವ್ಯವಹಾರ ನಿರ್ವಹಣೆಯ ಅಧ್ಯಾಪಕರೇ. ಒಕ್ಲಹೋಮ ವಿಶ್ವವಿದ್ಯಾಲಯದ ಲ್ಯಾರಿ ಮೈಕೆಲ್ಸನ್ ಅವರ ತರಗತಿ 1970ರ ದಶಕದ ಕೊನೆಯಲ್ಲಿ 40ರಿಂದ 120 ವಿದ್ಯಾರ್ಥಿಗಳಿಗೆ ಏರಿತು. ಅವರು ಐದರಿಂದ ಏಳು ಜನರ ಕಾಯಂ ತಂಡಗಳನ್ನು ರಚಿಸಿದರು. ಪಠ್ಯವನ್ನು ಮನೆಯಲ್ಲಿ ಓದಿ ಬರಬೇಕು. ಬಂದೊಡನೆ ಕಿರುಪರೀಕ್ಷೆ, ಒಬ್ಬೊಬ್ಬರಿಗೇ. ಆಮೇಲೆ ಅದೇ ಪ್ರಶ್ನೆಪತ್ರಿಕೆಗೆ ತಂಡವಾಗಿ ಉತ್ತರ. ಸ್ವಂತ ಅಂಕ, ತಂಡದ ಅಂಕ ಎರಡೂ ಲೆಕ್ಕಕ್ಕೆ. ಕೊನೆಯಲ್ಲಿ ಸದಸ್ಯರು ಪರಸ್ಪರರ ಕೊಡುಗೆಗೂ ಅಂಕ ಕೊಡುತ್ತಾರೆ. ತಂಡದ ಅಂಕ ಬಹುಮಟ್ಟಿಗೆ ಆ ತಂಡದ ಅತ್ಯುತ್ತಮ ಸದಸ್ಯನ ಅಂಕವನ್ನೂ ಮೀರುತ್ತದೆಂದು ಅವರು ಮತ್ತು ಸಹೋದ್ಯೋಗಿಗಳು 1989ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ. ಜಾಣನಿಗೆ ಗುಂಪಿನಿಂದ ನಷ್ಟವೆಂದು ಚಿಂತಿಸುವ ತಂದೆತಾಯಿಗಳು ಇದನ್ನು ಗಮನಿಸುವುದು ಒಳಿತು.

ಬರ್ಕ್ಲಿ, ಹಾರ್ವರ್ಡ್, ಒಕ್ಲಹೋಮ ಮೂರರಲ್ಲೂ ಒಂದು ಅಂಶ ಸಮಾನವಾಗಿದೆ. ಗುಂಪಿಗೆ ಬರುವ ಮೊದಲು ಪ್ರತಿಯೊಬ್ಬನೂ ತನ್ನದೊಂದು ಉತ್ತರವನ್ನು ತಂದಿರುತ್ತಾನೆ. ನಮ್ಮ ಪ್ರಾಜೆಕ್ಟ್ ಗುಂಪುಗಳಲ್ಲಿ ಇರದಿರುವುದು ಇದೇ. ಬಂಡವಾಳ ತರದವನನ್ನು ಪಾಲಿಗೆ ಸೇರಿಸಿಕೊಳ್ಳುವುದಾದರೆ ದುಡಿಮೆಯನ್ನಾದರೂ ಕೇಳುತ್ತೇವೆ. ಇಲ್ಲಿ ಎರಡೂ ಇಲ್ಲ.

ನಮ್ಮಲ್ಲಿ ಇದರ ಅರಿವು ಇಲ್ಲವೆಂದಲ್ಲ. ಭಾರತವು 2014ರ ಜೂನ್‌ನಲ್ಲಿ ವಾಷಿಂಗ್ಟನ್ ಒಡಂಬಡಿಕೆಯ ಕಾಯಂ ಸದಸ್ಯ ರಾಷ್ಟ್ರವಾಯಿತು. ಎಂಜಿನಿಯರಿಂಗ್ ಪದವೀಧರನಲ್ಲಿ ಇರಬೇಕಾದ ಗುಣಗಳ ಪಟ್ಟಿಯಲ್ಲಿ ವೈಯಕ್ತಿಕ ಮತ್ತು ತಂಡದ ಕೆಲಸ ಎರಡನ್ನೂ ರಾಷ್ಟ್ರೀಯ ಮಾನ್ಯತಾ ಮಂಡಳಿ ಒಂದೇ ಉಸಿರಿನಲ್ಲಿ ಹೇಳಿದೆ. ವೈಯಕ್ತಿಕ ಎಂಬ ಪದ ಮೊದಲು ಬಂದಿರುವುದು ಅರ್ಥಪೂರ್ಣ. ಆದರೆ ಪಟ್ಟಿಯಲ್ಲಿರುವುದು ತರಗತಿಗೆ ಇಳಿಯಬೇಕಾದರೆ ಅಧ್ಯಾಪಕರಿಗೆ ಪ್ರಶ್ನೆ ರಚಿಸಲು ಸಮಯ ಬೇಕು. ಒಳ್ಳೆಯ ಪ್ರಶ್ನೆಯೊಂದನ್ನು ರಚಿಸುವುದು ಒಂದು ಗಂಟೆ ಟಿಪ್ಪಣಿ ಬರೆಸುವುದಕ್ಕಿಂತ ಕಷ್ಟದ ಕೆಲಸ.

ನಮ್ಮ ವೃತ್ತಿಯಲ್ಲಿ ಈ ಕಲಿಕೆ ಹಿಂದಿನಿಂದಲೂ ಇದೆ. ಸಿ.ಎ. ವಿದ್ಯಾರ್ಥಿಯ ಆರ್ಟಿಕಲ್‌ಶಿಪ್ ಮೂರು ವರ್ಷವಿದ್ದುದು 2023ರ ಹೊಸ ಯೋಜನೆಯಲ್ಲಿ ಎರಡು ವರ್ಷವಾಗಿದೆ. ಈ ಅವಧಿಯಲ್ಲಿ ಹೊಸಬನಿಗೆ ವೋಚರ್ ನೋಡುವುದನ್ನು, ಜಿಎಸ್‌ಟಿ ಖರೀದಿ ವಿವರವನ್ನು ಪುಸ್ತಕದೊಂದಿಗೆ ತಾಳೆ ಹಾಕುವುದನ್ನು ಹೆಚ್ಚಾಗಿ ಕಲಿಸುವವನು ಅವನಿಗಿಂತ ಒಂದು ವರ್ಷ ಹಿರಿಯನಾದ ಇನ್ನೊಬ್ಬ ಆರ್ಟಿಕಲ್ ಹುಡುಗ. ಕಲಿಸುವಾಗ ಹಿರಿಯನ ಸಂಶಯಗಳೂ ಹೊರಬೀಳುತ್ತವೆ. ಪರಿಶೀಲಿಸಿದ ಪ್ರತಿ ಕಾಗದದ ಮೇಲೆ ಪರಿಶೀಲಿಸಿದವನ ಕಿರುಸಹಿ ಇರುವುದರಿಂದ, ಯಾರ ಕೆಲಸ ಯಾವುದೆಂಬ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಕೆಲಸ ತಂಡದ್ದು, ಕಿರುಸಹಿ ಒಬ್ಬನದು.

ನಮ್ಮ ಸದಸ್ಯರ ಕೈಯಲ್ಲಿಯೂ ಅಷ್ಟಿಷ್ಟು ಅಧಿಕಾರವಿದೆ. ಪ್ರಾಜೆಕ್ಟ್ ತಂಡ ಬಂದಾಗ ಕಂಪನಿಯ ಇತಿಹಾಸ, ಉತ್ಪನ್ನಗಳ ಪಟ್ಟಿ ಕೊಟ್ಟು ಕಳುಹಿಸುವ ಬದಲು ಒಂದು ನಿಜವಾದ ಸಮಸ್ಯೆಯನ್ನು ಕೊಡಬಹುದು. ಕಳೆದ ಆರು ತಿಂಗಳಲ್ಲಿ ಗ್ರಾಹಕರಿಂದ ಹಣ ಬರಲು ಸರಾಸರಿ ಎಷ್ಟು ದಿನ ಹಿಡಿದಿದೆ? ಯಾವ ಕಚ್ಚಾವಸ್ತು ಅಗತ್ಯಕ್ಕಿಂತ ಹೆಚ್ಚು ಕಾಲ ಗೋದಾಮಿನಲ್ಲಿ ಉಳಿಯುತ್ತಿದೆ? ಗ್ರಾಹಕರ ಹೆಸರು ಮರೆಮಾಡಿದ ಬಿಲ್ಲುಗಳ ಪ್ರತಿಗಳು ಇದಕ್ಕೆ ಸಾಕು. ನಾಲ್ವರೂ ಒಂದೇ ಕಟ್ಟನ್ನು ಪ್ರತ್ಯೇಕವಾಗಿ ನೋಡಿ ತಮ್ಮ ಉತ್ತರ ಬರೆದು ತರಲಿ. ವ್ಯತ್ಯಾಸಗಳು ಬಂದೇ ಬರುತ್ತವೆ. ಆ ವ್ಯತ್ಯಾಸಗಳ ಮೇಲೆ ಮಾಲೀಕರ ಎದುರಿಗೇ ಅರ್ಧ ಗಂಟೆ ಚರ್ಚೆಯಾಗಲಿ. ಮರುವರ್ಷ ಯಾರನ್ನು ಕೆಲಸಕ್ಕೆ ಕರೆಯಬೇಕೆಂಬುದು ಸಂದರ್ಶನಕ್ಕಿಂತ ಚೆನ್ನಾಗಿ ಅಲ್ಲಿಯೇ ಗೊತ್ತಾಗುತ್ತದೆ.

ಪ್ರಮಾಣಪತ್ರಕ್ಕೆ ಸಹಿ ಮಾಡುವ ಮುನ್ನ ಪ್ರತಿಯೊಬ್ಬರಿಗೂ ಹತ್ತು ನಿಮಿಷ ಕೊಟ್ಟು, ವರದಿಯಲ್ಲಿ ಅವರು ಬರೆಯದ ಭಾಗದ ಮೇಲೆ ಒಂದು ಪ್ರಶ್ನೆ ಕೇಳಬಹುದು. ಬರೆದ ಭಾಗದ ಮೇಲೆ ಕೇಳಿದರೆ ಕೆಲಸ ಹಂಚಿಕೊಂಡದ್ದು ಮಾತ್ರ ತಿಳಿಯುತ್ತದೆ. ಕಾಲೇಜು ಕೊಟ್ಟ ನಮೂನೆಯಲ್ಲಿ ಸ್ಥಳವಿರದಿದ್ದರೆ ನಮ್ಮದೇ ಲೆಟರ್‌ಹೆಡ್ಡಿನಲ್ಲಿ ನಾಲ್ವರಿಗೂ ಪ್ರತ್ಯೇಕ ಪತ್ರ ಕೊಡಲು ಅಡ್ಡಿಯಿಲ್ಲ: ಇವರು ಬಾಕಿ ವಸೂಲಿಯ ವಿಶ್ಲೇಷಣೆ ಮಾಡಿದರು, ಇವರು ದಾಸ್ತಾನು ಎಣಿಸಿದರು, ತಂಡದ ಇತರರ ಕೆಲಸವನ್ನೂ ವಿವರಿಸಬಲ್ಲವರಾಗಿದ್ದರು, ಅಥವಾ ಆಗಿರಲಿಲ್ಲ.